ಊರಿಲ್ಲದ ಶಾಸನ: ಎಲಿಯಟ್, ಫ್ಲೀಟ್, ರೈಸ್ ಮತ್ತು ನಮ್ಮ ಕಂಪ್ಯೂಟರಿನ ಫೋಲ್ಡರುಗಳು

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದ್ದರು. "ನೀವು 2016ರಾಗ ನಮ್ಮೂರಿಗೆ ಬಂದು ಗುಡಿ ಹಿಂದಿನ ವೀರಗಲ್ಲಿನ ಫೋಟೋ ಹೊಡಕೊಂಡು ಹೋಗಿದ್ರಿ. ರಸ್ತೆ ಅಗಲ ಮಾಡೂವಾಗ ಆ ಕಲ್ಲು ಎಲ್ಲಿ ಹೋತೋ ಯಾರಿಗೂ ಗೊತ್ತಿಲ್ಲ. ನಿಮ್ಮ ಕಡೆ ಫೋಟೋ ಇದ್ರ ಕೊಡ್ರಿ, ಸಾಲ್ಯಾಗ ದೊಡ್ಡದು ಮಾಡಿಸಿ ಹಾಕ್ತೀವಿ" ಅಂದರು. ನಾನು ಯೋಚನೆ ಮಾಡದೆ "ಐತ್ರಿ, ನಾಳೆ ಕಳಸ್ತೀನಿ" ಅಂದುಬಿಟ್ಟೆ.

ಅವತ್ತು ರಾತ್ರಿ ವಡಗಾವಿಯ ಮನೆಯಲ್ಲಿ ಹಾರ್ಡ್ ಡಿಸ್ಕ್ ತೆಗೆದು ಕೂತೆ. 'ವೀರಗಲ್ಲು' ಎಂಬ ಫೋಲ್ಡರಿನಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಅದರಲ್ಲಿ ಆ ದಿನದ್ದೇ ಎಂದು ನನಗೆ ನೆನಪಿದ್ದ ಕಲ್ಲುಗಳು ಮೂರು. ಮೂರೂ ಒಂದೇ ತರಹದವು: ಕೆಳಗೆ ತುರುಗಾಳಗ, ನಡುವೆ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಶಿವಲಿಂಗ, ಪಟ್ಟಿಕೆಗಳ ನಡುವೆ ಸವೆದ ಮೂರು ನಾಲ್ಕು ಸಾಲಿನ ಬರಹ. ಅವತ್ತು ಒಟ್ಟು ನಾಲ್ಕು ಹಳ್ಳಿ ತಿರುಗಿದ್ದೆ. ಯಾವ ಕಲ್ಲು ಯಾವ ಊರಿನದು? ಫೈಲಿನ ಹೆಸರಿನಲ್ಲಿ ಕ್ಯಾಮೆರಾ ಕೊಟ್ಟ ಸಂಖ್ಯೆ ಬಿಟ್ಟರೆ ಏನೂ ಇರಲಿಲ್ಲ.

ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ಒಂದು ಮಾತು ಕೇಳಿದರು: "ಫೋಟೋ ಐತಿ ಅಂತೀರಿ, ನಮ್ಮೂರದು ಅಂತ ಹೇಳಾಕ ಆಗೂದಿಲ್ಲ ಅಂತೀರಿ. ಹಂಗಾದ್ರ ಅದು ಯಾರ ಕಲ್ಲು?"

ಶಾಸನ ಕಳೆದುಹೋಗುವುದು ಅಂದರೆ ನಾವು ಸಾಮಾನ್ಯವಾಗಿ ಕಲ್ಲು ಒಡೆಯುವುದು, ಗೋಡೆಗೆ ಸೇರುವುದು, ಸುಣ್ಣ ಬಳಿಸಿಕೊಳ್ಳುವುದು ಅಂದುಕೊಳ್ಳುತ್ತೇವೆ. ಪಾಠಕ್ಕೂ ಊರಿಗೂ ಇರುವ ಕೊಂಡಿ ಕಡಿದರೂ ಶಾಸನ ಕಳೆದಂತೆಯೇ. ನಮ್ಮ ಹಿಂದಿನ ಶಾಸನತಜ್ಞರು ಈ ಕೊಂಡಿಯನ್ನು ಕಾಪಾಡಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದ್ದಾರೆ. ಅವರ ಪದ್ಧತಿಗಳನ್ನು, ಅವು ಎಲ್ಲಿ ಎಡವಿದವು ಎಂಬುದನ್ನೂ ಸೇರಿಸಿ ನೋಡಿದರೆ, ಇವತ್ತು ನಮ್ಮ ಲ್ಯಾಪ್‌ಟಾಪಿನಲ್ಲಿ ಫೈಲುಗಳನ್ನು ಹೇಗೆ ಇಡಬೇಕು ಎನ್ನುವುದಕ್ಕೆ ಬೇರೆ ಪಾಠ ಬೇಕಿಲ್ಲ.

ಕಿತ್ತೂರಿನ ಸೆರೆಯಾಳು ಮತ್ತು 595 ಶಾಸನಗಳು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಎಲ್ಲರಿಗೂ ಗೊತ್ತು. ಆಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಈತನಿಗೆ ಆಗಿನ್ನೂ 21 ವರ್ಷ. ಬಿಡುಗಡೆಯಾದ ಮೇಲೆ ಇದೇ ಸೀಮೆಯಲ್ಲಿ ಕೆಲಸ ಮುಂದುವರಿಸಿ, ನಕಲುಗಾರರನ್ನು ಇಟ್ಟುಕೊಂಡು ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿದ. ಹೀಗೆ ಕೂಡಿದವು 595. 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಆಧಾರದ ಮೇಲೆ ಆತ ಬರೆದ ಲೇಖನ ಚಾಲುಕ್ಯರ ವಂಶಾವಳಿಗೆ ಮೊದಲ ಗಟ್ಟಿ ಬುನಾದಿ ಹಾಕಿತು. ಪ್ರತಿಗಳ ಒಂದು ಕಟ್ಟನ್ನು ಆ ಸೊಸೈಟಿಗೇ ಒಪ್ಪಿಸಿದ.

ಇಂಜಿನಿಯರನ ಕಣ್ಣಿನಿಂದ ನೋಡಿದರೆ ಎಲಿಯಟ್ ಮಾಡಿದ್ದು ಬ್ಯಾಕಪ್. ಮೂಲ ಕಲ್ಲು ಇಲ್ಲಿ, ನಕಲು ಸಮುದ್ರದಾಚೆ. ಮುಂದೆ ಕಲ್ಲು ಸಿಗದೇ ಹೋದ ಕಡೆ ವಿದ್ವಾಂಸರು ಈ ಸಂಗ್ರಹವನ್ನೇ ಉಲ್ಲೇಖಿಸಬೇಕಾಯಿತು. ಆದರೆ ಅದು ಕೈಬರಹದ ನಕಲು. ನಕಲುಗಾರ ಓದಿದ್ದನ್ನೇ ಬರೆದಿದ್ದಾನೆ, ತಪ್ಪು ಓದಿದ್ದರೆ ತಪ್ಪನ್ನೇ ಬರೆದಿದ್ದಾನೆ. ನಂತರದ ತಲೆಮಾರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು ಮಸಿ ಒತ್ತಿ ತೆಗೆಯುವ ಪಡಿಯಚ್ಚಿಗೆ ಹೋದದ್ದು ಇದಕ್ಕೇ. ಪಡಿಯಚ್ಚಿಗೆ ಓದಲು ಬರುವುದಿಲ್ಲ, ಹಾಗಾಗಿ ಅದು ತಪ್ಪು ಓದುವುದೂ ಇಲ್ಲ.

ನಮ್ಮ ಕಾಲಕ್ಕೆ ಇದನ್ನು ಅನ್ವಯಿಸಿದರೆ: ಕ್ಯಾಮೆರಾದಿಂದ ಬಂದ ಮೂಲ ಫೈಲು ಪಡಿಯಚ್ಚು. ಅದನ್ನು ತಿರುಗಿಸಿ, ಕತ್ತರಿಸಿ, ಬೆಳಕು ಹೆಚ್ಚಿಸಿ ಉಳಿಸಿದ್ದು ಕೈಬರಹದ ನಕಲು. ಎರಡೂ ಬೇಕು, ಆದರೆ ಎರಡನೆಯದನ್ನು ಮೊದಲನೆಯದರ ಮೇಲೆ ಬರೆಯಬಾರದು. ನಾನು ಬರೆದಿದ್ದೆ. ವೀರಗಲ್ಲಿನ ಅರ್ಧಕ್ಕರ್ಧ ಚಿತ್ರಗಳನ್ನು ನೆಟ್ಟಗೆ ಮಾಡಿ ಅದೇ ಹೆಸರಲ್ಲಿ ಸೇವ್ ಮಾಡಿದ್ದೆ. ಆಗ ಬಳಸಿದ ಹಳೆಯ ತಂತ್ರಾಂಶ ಚಿತ್ರದೊಳಗೆ ಅಡಗಿದ್ದ ದಿನಾಂಕ, ಸಮಯ ಎಲ್ಲವನ್ನೂ ಒರೆಸಿಹಾಕಿತ್ತು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೂ ಇದೇ ಗತಿ: ಗಾತ್ರ ಕುಗ್ಗುತ್ತದೆ, ಒಳಗಿನ ಮಾಹಿತಿ ಹೋಗುತ್ತದೆ, ಹೆಸರೂ ಬದಲಾಗುತ್ತದೆ.

ರೈಸ್ ಅವರ ಸಂಖ್ಯೆಗಳು

ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಮೊದಲ ಸಂಪುಟ ಕೊಡಗಿನದು, 1886. ಇಷ್ಟು ಶಾಸನಗಳನ್ನು ಹುಡುಕಿ ತೆಗೆಯಲು ಬರುವಂತೆ ಇಡುವುದು ಹೇಗೆ? ಅವರು ತಾಲ್ಲೂಕಿಗೊಂದು ಇಂಗ್ಲಿಷ್ ಸಂಕ್ಷೇಪ, ಅದರ ಮುಂದೆ ಕ್ರಮಸಂಖ್ಯೆ ಎಂಬ ಸರಳ ಪದ್ಧತಿ ಹಿಡಿದರು. ಇವತ್ತಿಗೂ ನಾವು ಹಾಗೆಯೇ ಉಲ್ಲೇಖಿಸುತ್ತೇವೆ.

ಈ ಪದ್ಧತಿಯನ್ನು ಕಂಪ್ಯೂಟರಿಗೆ ತಂದಾಗ ನನಗೆ ಒಂದು ಪೆಟ್ಟು ಬಿತ್ತು. ರೈಸ್ ಅವರ ಸಂಕ್ಷೇಪಗಳಲ್ಲಿ ಶ್ರವಣಬೆಳಗೊಳಕ್ಕೆ ಎಸ್, ಬಿ ಎರಡೂ ದೊಡ್ಡಕ್ಷರ. ಸೊರಬಕ್ಕೆ ಎಸ್ ದೊಡ್ಡಕ್ಷರ, ಬಿ ಸಣ್ಣಕ್ಷರ. ಅಚ್ಚಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ. ವಿಂಡೋಸ್‌ಗೆ ಕಾಣುವುದಿಲ್ಲ, ಅದಕ್ಕೆ ಎರಡೂ ಒಂದೇ ಹೆಸರು. ಲಿನಕ್ಸ್ ಯಂತ್ರದಲ್ಲಿ ಬೇರೆ ಬೇರೆ ಮಾಡಿಟ್ಟಿದ್ದ ನನ್ನ ಎರಡು ಫೋಲ್ಡರುಗಳನ್ನು ವಿಂಡೋಸ್‌ಗೆ ನಕಲು ಮಾಡಿದಾಗ ಸೊರಬವೂ ಶ್ರವಣಬೆಳಗೊಳವೂ ಒಂದರೊಳಗೊಂದು ಸೇರಿಕೊಂಡವು! ಕನ್ನಡ ಲಿಪಿಗೆ ದೊಡ್ಡಕ್ಷರ ಸಣ್ಣಕ್ಷರದ ಗೋಜಿಲ್ಲ. ಹೆಸರಿನ ಅರ್ಥ ಅಕ್ಷರದ ಗಾತ್ರದ ಮೇಲೆ ನಿಲ್ಲಬಾರದು ಎಂಬುದು ನನಗೆ ಅವತ್ತು ತಿಳಿಯಿತು.

ಇದಕ್ಕಿಂತ ದೊಡ್ಡ ಪಾಠ ಶ್ರವಣಬೆಳಗೊಳದ ಸಂಪುಟದಲ್ಲೇ ಇದೆ. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅಲ್ಲಿಯ ಶಾಸನಗಳು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ಹೊರತಂದಾಗ 573. ಹೊಸ ಶಾಸನಗಳು ಅವು ಇರುವ ಜಾಗದ ಪ್ರಕಾರ ನಡುನಡುವೆ ಸೇರಿದ್ದರಿಂದ ಹಳೆಯವುಗಳ ಸಂಖ್ಯೆ ಬದಲಾಯಿತು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, ಶಕ 1050ರ ಮಲ್ಲಿಷೇಣ ಪ್ರಶಸ್ತಿ 1889ರಲ್ಲಿ 54ನೆಯದು, 1923ರಲ್ಲಿ 67ನೆಯದು. ಯಾವುದೋ ಹಳೆಯ ಪುಸ್ತಕದಲ್ಲಿ 'ಶ್ರವಣಬೆಳಗೊಳ 54' ಎಂದಷ್ಟೇ ನೋಡಿ, 1923ರ ಸಂಪುಟ ತೆಗೆದು 54 ಹುಡುಕಿದರೆ ಬೇರೊಂದೇ ಶಾಸನ ಎದುರಾಗುತ್ತದೆ.

ಅನುಭವಸ್ಥರು ಇದಕ್ಕೆ ಕಂಡುಕೊಂಡ ಪರಿಹಾರ 54 (67) ಎಂದು ಎರಡನ್ನೂ ಬರೆಯುವುದು. ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಇಡುವುದು. ಇದಕ್ಕೆ ನಾನು ಜೋಡಿಪಟ್ಟಿ ಅನ್ನುತ್ತೇನೆ. ನಾವು ಫೈಲುಗಳ ಹೆಸರನ್ನು 'ಚೆಂದ' ಮಾಡಲು ಹೋಗಿ ಸಾವಿರ ಫೈಲುಗಳನ್ನು ಒಮ್ಮೆಲೆ ಬದಲಿಸುತ್ತೇವಲ್ಲ, ಆಗ ಜೋಡಿಪಟ್ಟಿ ಇಡುವವರು ಎಷ್ಟು ಜನ?

ಜಿಲ್ಲೆ ಒಡೆದರೂ ಒಡೆಯದ ಸಂಖ್ಯೆ

ನಮ್ಮ ಮುಂಬಯಿ ಕರ್ನಾಟಕದ ಕಥೆ ಬೇರೆ. 1867ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಬಂದ ಜೆ.ಎಫ್. ಫ್ಲೀಟ್ ಬೆಳಗಾವಿ ಸೀಮೆಯ ರಟ್ಟರ, ಹಲಸಿಯ ಕದಂಬರ ಶಾಸನಗಳನ್ನು ಒಂದೊಂದಾಗಿ ಪ್ರಕಟಿಸಿದರು. 1883ರಿಂದ 1886ರವರೆಗೆ ಸರ್ಕಾರದ ಮೊದಲ ಎಪಿಗ್ರಾಫಿಸ್ಟ್ ಆಗಿದ್ದರು. ಅವರ ಕಾಲದ ಬರಹಗಳಲ್ಲಿ 'ಸಂಪಗಾವಿ ತಾಲ್ಲೂಕು', 'ಪರಸಗಡ ತಾಲ್ಲೂಕು' ಎಂದೇ ಊರಿನ ವಿಳಾಸ. ಇವತ್ತು ನಕಾಶೆಯಲ್ಲಿ ಹುಡುಕಿದರೆ ಬೈಲಹೊಂಗಲ, ಸವದತ್ತಿ ಸಿಗುತ್ತವೆ. ಗೋವಾ ಕದಂಬರ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯ ದೇಗಾಂವೆ ಆಗ ಸಂಪಗಾವಿ ತಾಲ್ಲೂಕಿನಲ್ಲಿತ್ತು, ಈಗ ಕಿತ್ತೂರು ತಾಲ್ಲೂಕು. 1997ರಲ್ಲಿ ಧಾರವಾಡ ಜಿಲ್ಲೆ ಮೂರಾಯಿತು, ಗದಗ ಮತ್ತು ಹಾವೇರಿ ಬೇರೆಯಾದವು. 2014ರ ನವೆಂಬರ್ 1ರಿಂದ ಬೆಳಗಾವಿಯ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಶಾಸನಗಳಲ್ಲೋ ಇದು ವೇಣುಗ್ರಾಮ. ಊರು ಒಂದೇ, ಹುಡುಕುಪೆಟ್ಟಿಗೆಯಲ್ಲಿ ಬರೆಯಬೇಕಾದ ಹೆಸರು ಹಲವು.

1925ರ ಹೊತ್ತಿಗೆ ಶಾಸನ ಇಲಾಖೆ ಮುಂಬಯಿ ಕರ್ನಾಟಕದ ಶಾಸನಗಳನ್ನು ಕ್ರಮವಾಗಿ ಪಡಿಯಚ್ಚು ಮಾಡಲು ತೊಡಗಿದಾಗ 'ಬಿ.ಕೆ.' ಎಂಬ ಗುರುತು, ಸಂಗ್ರಹಿಸಿದ ವರ್ಷ, ಆ ವರ್ಷದ ಕ್ರಮಸಂಖ್ಯೆ ಇಷ್ಟನ್ನೇ ಇಟ್ಟಿತು. ಇದು ಬಹಳ ಜಾಣತನದ ಪದ್ಧತಿ ಎಂದು ನನ್ನ ಅಭಿಪ್ರಾಯ. ತಾಲ್ಲೂಕು ಒಡೆಯಬಹುದು, ಜಿಲ್ಲೆಯ ಹೆಸರು ಬದಲಾಗಬಹುದು, ಶಾಸನದ ಕಾಲದ ಬಗ್ಗೆ ವಿದ್ವಾಂಸರ ಅಭಿಪ್ರಾಯವೂ ಬದಲಾಗಬಹುದು. ಪಡಿಯಚ್ಚು ತೆಗೆದ ವರ್ಷ ಮಾತ್ರ ಬದಲಾಗುವುದಿಲ್ಲ. ಆ ಕಚೇರಿ ಊಟಿಯಿಂದ 1966ರಲ್ಲಿ ಮೈಸೂರಿಗೆ ಬಂದರೂ ಸಂಖ್ಯೆ ಹಾಗೇ ಉಳಿಯಿತು.

ಸಂಖ್ಯೆಯಿಂದ ಊರಿಗೆ ಹೋಗುವ ದಾರಿ ಇದಾದರೆ, ಊರಿನಿಂದ ಸಂಖ್ಯೆಗೆ ಬರುವ ದಾರಿಯೂ ಬೇಕಲ್ಲ? ಎಂ.ಎಂ. ಕಲಬುರ್ಗಿಯವರು 1975ರಲ್ಲಿ ಧಾರವಾಡ ಜಿಲ್ಲೆಗೆ, 1976ರಲ್ಲಿ ವಿಜಾಪುರ ಜಿಲ್ಲೆಗೆ ಮಾಡಿಕೊಟ್ಟ ಶಾಸನಸೂಚಿಗಳು ಅಂಥವು. ಫೈಲುಗಳನ್ನು ಹತ್ತು ಸಲ ಆ ಫೋಲ್ಡರಿನಿಂದ ಈ ಫೋಲ್ಡರಿಗೆ ಎಳೆದಾಡುವ ಬದಲು, ಫೈಲನ್ನು ಇದ್ದಲ್ಲೇ ಬಿಟ್ಟು ಸೂಚಿಯನ್ನು ಚೊಕ್ಕ ಮಾಡುವುದು ಎಷ್ಟೋ ಮೇಲು.

ಸೂಚಿಯಲ್ಲಿ ಕಲ್ಲು 'ಸಿಕ್ಕ ಜಾಗ', 'ಈಗ ಇರುವ ಜಾಗ' ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಬೆಳಗಾವಿ ಕೋಟೆಯ, ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಕ 1127ರ ಎರಡು ಶಾಸನಶಿಲೆಗಳು ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಲ್.ಡಿ. ಬಾರ್ನೆಟ್ ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಕಲ್ಲು ಲಂಡನ್ನಿಗೆ ಹೋದರೂ ಅದು ಬೆಳಗಾವಿಯ ಶಾಸನವಾಗಿಯೇ ಉಳಿದಿದೆ, ಯಾಕಂದ್ರೆ ಸಿಕ್ಕ ಜಾಗವನ್ನು ಯಾರೂ ಬಿಟ್ಟುಕೊಡಲಿಲ್ಲ.

ಹಲಸಿಯ ಎರಡು ತೇದಿಗಳು ಮತ್ತು ಒಂದು ಬಳೆ

ಖಾನಾಪುರ ತಾಲ್ಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕೆ, ತೇದಿ ಬರೆಯುವುದು ಹೇಗೆ ಎಂಬುದಕ್ಕೆ ಒಳ್ಳೆಯ ಪಾಠಶಾಲೆ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ಶಾಸನ ಪ್ರಸಿದ್ಧ. ಅದರ ಕಾಲ '80ನೆಯ ವರ್ಷ'. ಯಾವುದರಿಂದ ಎಣಿಸಿ 80? ಶಾಸನ ಹೇಳುವುದಿಲ್ಲ. ಕದಂಬರ ಮೂಲಪುರುಷನ ಪಟ್ಟಾಭಿಷೇಕದಿಂದ ಎಂದು ಕೆಲವರು, ಗುಪ್ತಶಕೆಯ ವರ್ಷ ಎಂದು ಕೆಲವರು ವಾದಿಸಿದ್ದಾರೆ. ಬರೆದವನಿಗೆ ಅದು ಹೇಳುವ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿತ್ತು. ತೊಂದರೆ ಇರುವುದೇ ಅಲ್ಲಿ.

ಅದೇ ಹಲಸಿಯಲ್ಲಿ ಏಳು ಶತಮಾನ ಕಳೆದ ಮೇಲೆ ಗೋವಾ ಕದಂಬರ ಶಿವಚಿತ್ತ ಪೆರ್ಮಾಡಿಯ ಶಾಸನ ಕಲಿಯುಗದ ವರ್ಷ 4270 ಎಂದು ಹೇಳುತ್ತದೆ. ಶಕವರ್ಷವೇ ವಾಡಿಕೆಯಲ್ಲಿದ್ದ ಸೀಮೆಯಲ್ಲಿ ಇದು ಅಪರೂಪದ ಎಣಿಕೆ. ಆದರೂ ಯಾವ ಎಣಿಕೆ ಎಂದು ಹೇಳಿದ್ದರಿಂದ ನಮಗೆ ತೊಂದರೆಯಿಲ್ಲ: 3101 ಕಳೆದರೆ ಕ್ರಿ.ಶ. 1169.

ನಮ್ಮ ಫೋಲ್ಡರಿನಲ್ಲಿ '03-04-16' ಎಂದಿದ್ದರೆ ಏಪ್ರಿಲ್ 3ಓ, ಮಾರ್ಚ್ 4ಓ? ಅಮೆರಿಕದಲ್ಲಿರುವ ಮಗ ಒಂದು ಓದುತ್ತಾನೆ, ನಾವು ಒಂದು. ವರ್ಷ ನಾಲ್ಕು ಅಂಕೆ, ಆಮೇಲೆ ತಿಂಗಳು, ಆಮೇಲೆ ದಿನ, 20160403 ಎಂದು ಬರೆದರೆ ಗೊಂದಲವಿಲ್ಲ, ಹೆಸರಿನ ಪ್ರಕಾರ ಜೋಡಿಸಿದರೆ ಕಾಲಾನುಕ್ರಮವೂ ತಾನಾಗೇ ಬರುತ್ತದೆ.

ಶಾಸನಗಳಲ್ಲಿ ವರ್ಷದ ಜೊತೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಕೊಡುತ್ತಾರೆ. ಒಂದನ್ನು ಕಂಡರಿಸುವವನು ತಪ್ಪಿದರೂ ಉಳಿದವು ಸಾಕ್ಷಿ ಹೇಳುತ್ತವೆ. ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಕೋಷ್ಟಕಗಳನ್ನು ಹಿಡಿದು ನಾವು ತಾಳೆ ನೋಡುವುದು ಹೀಗೆಯೇ. ಕಂಪ್ಯೂಟರಿನಲ್ಲಿ ಇದಕ್ಕೆ ಚೆಕ್‌ಸಮ್ ಅನ್ನುತ್ತಾರೆ: ಫೈಲಿನ ಪ್ರತಿ ಬಿಟ್ ಸೇರಿಸಿ ಲೆಕ್ಕ ಹಾಕಿದ ಒಂದು ಉದ್ದನೆಯ ಸಂಖ್ಯೆ. ನಕಲು ಮಾಡಿದ ಮೇಲೆ ಎರಡೂ ಕಡೆ ಅದು ಒಂದೇ ಬಂದರೆ ನಕಲು ಸರಿ. ತಿಥಿ ವಾರ ಕೂಡದಿದ್ದರೆ ಅನುಮಾನ ಪಡುವ ಹಾಗೆ, ಚೆಕ್‌ಸಮ್ ಕೂಡದಿದ್ದರೆ ಆ ಡಿಸ್ಕಿನ ಮೇಲೆ ಅನುಮಾನ ಪಡಿ.

ಇನ್ನು ತಾಮ್ರಪಟದ ಬಳೆ. ಹಲಗೆಗಳಿಗೆ ತೂತು ಕೊರೆದು ಬಳೆ ಪೋಣಿಸಿ, ಬಳೆಯ ತುದಿಗೆ ಅರಸನ ಮುದ್ರೆ ಒತ್ತುತ್ತಿದ್ದರು. ಹಲಗೆ ತಪ್ಪಿಹೋಗಬಾರದು, ನಡುವೆ ಬೇರೆಯದು ಸೇರಬಾರದು, ಕ್ರಮ ಕೆಡಬಾರದು. ಪಡಿಯಚ್ಚು ತೆಗೆಯಲು ಬಳೆಯನ್ನು ಕತ್ತರಿಸಬೇಕಾಗುತ್ತದೆ. ಹಾಗಾಗಿ ಸಂಪಾದಕರು 'ನನ್ನ ಕೈಗೆ ಬಂದಾಗ ಬಳೆ ಕತ್ತರಿಸಿತ್ತು' ಅಥವಾ 'ಕತ್ತರಿಸಿರಲಿಲ್ಲ' ಎಂಬುದನ್ನೂ ತಪ್ಪದೆ ದಾಖಲಿಸುತ್ತಾರೆ.

ನನ್ನ 2016ರ ಫೋಲ್ಡರು ಅಂಥದೊಂದು ಬಳೆಯಾಗಿತ್ತು. ಒಂದು ದಿನದ ಪ್ರವಾಸದ ಎಲ್ಲ ಚಿತ್ರಗಳು, ದಾರಿಯ ಬೋರ್ಡು, ಚಹಾದಂಗಡಿ, ಗುಡಿ, ಕಲ್ಲು, ತೆಗೆದ ಕ್ರಮದಲ್ಲೇ ಅದರೊಳಗಿದ್ದವು. 2019ರಲ್ಲಿ ಶಿಸ್ತು ತರುತ್ತೇನೆ ಅಂತ ಕೂತು ವೀರಗಲ್ಲು, ಮಾಸ್ತಿಕಲ್ಲು, ಜೈನ, ಶೈವ ಎಂದು ವಿಷಯವಾರು ಹಂಚಿದೆ. 'ಬೇಡವಾದ' ಚಿತ್ರಗಳನ್ನು, ಅಂದರೆ ಬೋರ್ಡುಗಳನ್ನು, ಅಳಿಸಿದೆ. ಬಳೆ ಕತ್ತರಿಸಿದವನು ನಾನೇ, ಕತ್ತರಿಸಿದ್ದೇನೆ ಎಂದು ಎಲ್ಲೂ ಬರೆದಿಡಲಿಲ್ಲ.

ೞ ಅಕ್ಷರದ ಹೆಸರು

ಹಳಗನ್ನಡ ಶಾಸನ ಟೈಪ್ ಮಾಡುವವರಿಗೆ ೞ ಬೇಕೇ ಬೇಕು. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಕೊಟ್ಟಿರುವ ಅಧಿಕೃತ ಇಂಗ್ಲಿಷ್ ಹೆಸರು 'ಕನ್ನಡ ಅಕ್ಷರ ಫ'. ಶುದ್ಧ ತಪ್ಪು. ತಪ್ಪು ಗೊತ್ತಾದ ಮೇಲೂ ಅದನ್ನು ತಿದ್ದಲಿಲ್ಲ, ತಿದ್ದುವಂತೆಯೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಿದರೆ ಅದನ್ನು ನಂಬಿ ಬರೆದ ತಂತ್ರಾಂಶಗಳು ಕೆಡುತ್ತವೆ ಎಂಬುದು ಅಲ್ಲಿಯ ನಿಯಮ. ಬದಲಿಗೆ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ದಾಖಲಿಸಿದ್ದಾರೆ. ಮಲ್ಲಿಷೇಣ ಪ್ರಶಸ್ತಿಯ 54 (67)ಕ್ಕೂ ಇದಕ್ಕೂ ತತ್ತ್ವ ಒಂದೇ. ಗುರುತು ಚೆಂದ ಇರಬೇಕಿಲ್ಲ, ಸರಿ ಕೂಡ ಇರಬೇಕಿಲ್ಲ, ಬದಲಾಗದೆ ಇದ್ದರೆ ಸಾಕು. ಅರ್ಥ, ವಿವರ, ತಿದ್ದುಪಡಿ ಎಲ್ಲ ಪಟ್ಟಿಯಲ್ಲಿರಲಿ.

ನಾನು ಈಗ ಮಾಡುವುದು

ಪ್ರತಿ ಕ್ಷೇತ್ರಕಾರ್ಯಕ್ಕೆ ದಿನಾಂಕದ ಹೆಸರಿನ ಒಂದೇ ಫೋಲ್ಡರ್, ಅದನ್ನು ಮುಂದೆಂದೂ ಒಡೆಯುವುದಿಲ್ಲ. ಕಲ್ಲಿಗೊಂದು ಸಂಖ್ಯೆ, ಚಿತ್ರಕ್ಕೊಂದು ಸಂಖ್ಯೆ: 20240211-03-07 ಅಂದರೆ ಆ ದಿನದ ಮೂರನೆಯ ಕಲ್ಲಿನ ಏಳನೆಯ ಚಿತ್ರ. ಹೆಸರಿನಲ್ಲಿ ಊರಿಲ್ಲ, ರಾಜವಂಶವಿಲ್ಲ, ಶತಮಾನವಿಲ್ಲ, ಯಾಕಂದ್ರೆ ಅವೆಲ್ಲ ಬದಲಾಗುವಂಥವು ಅಥವಾ ನಾನು ತಪ್ಪು ತಿಳಿದಿರಬಹುದಾದಂಥವು.

ಕಲ್ಲಿನ ಮೊದಲ ಚಿತ್ರ ಯಾವಾಗಲೂ ಒಂದು ಪಾಟಿಯದು. ಶಾಲೆಯ ಹಳೆಯ ಪಾಟಿಯ ಮೇಲೆ ಬಳಪದಿಂದ ಊರು, ಜಾಗ, ದಿನಾಂಕ ಬರೆದು ಕಲ್ಲಿಗೆ ಒರಗಿಸಿ ಒಂದು ಫೋಟೋ. ಕ್ಯಾಮೆರಾದ ಗಡಿಯಾರ ತಪ್ಪಿದರೂ ಪಾಟಿ ತಪ್ಪುವುದಿಲ್ಲ.

ಉಳಿದದ್ದೆಲ್ಲ ಒಂದು ಸಾದಾ ಕೋಷ್ಟಕದಲ್ಲಿ: ಸಂಖ್ಯೆ, ಊರು, ಊರಿನ ಬೇರೆ ಹೆಸರುಗಳು, ಇಂದಿನ ತಾಲ್ಲೂಕು, ಹಳೆಯ ತಾಲ್ಲೂಕು, ಅಕ್ಷಾಂಶ ರೇಖಾಂಶ, ಸಿಕ್ಕ ಜಾಗ, ಈಗಿರುವ ಜಾಗ, ಪ್ರಕಟವಾಗಿದ್ದರೆ ಎಲ್ಲಿ, ಯಾವ ಸಂಖ್ಯೆ. ಟೈಪ್ ಮಾಡುವುದು ಯೂನಿಕೋಡಿನಲ್ಲಿ ಮಾತ್ರ. ಹಿಂದೆ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪಾಠಗಳನ್ನು ಇವತ್ತು ತೆರೆದರೆ ಯಾವ ಲಿಪಿಗೂ ಸೇರದ ಚಿಹ್ನೆಗಳು ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಪ್ರತಿಗಳು ಮೂರು: ಎರಡು ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ನಮ್ಮ ಮನೆಯಲ್ಲಿ ಅಲ್ಲ. ಎಲಿಯಟ್ ಲಂಡನ್ನಿಗೆ ಕಳಿಸಿದ, ನಾನು ಧಾರವಾಡದ ತಂಗಿಯ ಮನೆಗೆ ಕಳಿಸುತ್ತೇನೆ. ವರ್ಷಕ್ಕೊಮ್ಮೆ ತೆರೆದು ತಾಳೆ ನೋಡುವುದು ಮಾತ್ರ ಬಿಡಬಾರದು, ತೆರೆಯದ ಬ್ಯಾಕಪ್ ಓದದ ಶಾಸನದಂತೆ.

ಮಾಸ್ತರರ ಕಲ್ಲು

ಆ ಮೂರು ವೀರಗಲ್ಲುಗಳಿಗಾಗಿ ನಾನು ಹದಿನೈದು ದಿನ ಕೂತೆ. ಕ್ಯಾಮೆರಾ ಕೊಟ್ಟ ಸಂಖ್ಯೆಗಳನ್ನು ಕ್ರಮವಾಗಿ ಬರೆದುಕೊಂಡೆ. ತಿರುಗಿಸದೆ ಬಿಟ್ಟಿದ್ದ ಚಿತ್ರಗಳೊಳಗಿನ ಸಮಯ ನೋಡಿದೆ. ಗಡಿಯಾರ ಒಂದು ವರ್ಷ ಹಿಂದಿದ್ದರೂ ಚಿತ್ರ ಚಿತ್ರದ ನಡುವಿನ ಅಂತರ ಸರಿಯಿತ್ತು. ಅಳಿಸದೆ ಉಳಿದಿದ್ದ ಒಂದು ಶಾಲೆಯ ಫಲಕದಿಂದ ಒಂದು ಕಲ್ಲಿನ ಊರು ಖಚಿತವಾಯಿತು. ಅದು ಮಾಸ್ತರರ ಊರಲ್ಲ. ಇನ್ನೆರಡು ಕಲ್ಲುಗಳ ಚಿತ್ರಗಳನ್ನು ತಿರುಗಿಸಿ, ಹೆಸರನ್ನೂ ಬದಲಿಸಿ ಸೇವ್ ಮಾಡಿದ್ದೆ. ದಾರಿ ಅಲ್ಲಿಗೆ ನಿಂತಿತು.

ಎರಡನ್ನೂ ಮುದ್ರಿಸಿ ಊರಿಗೆ ಒಯ್ದೆ. ಹಿರಿಯರು ಕನ್ನಡಕ ಹಾಕಿಕೊಂಡು ನೋಡಿದರು. ಒಬ್ಬರು ಇದು ಅಂದರು, ಇನ್ನೊಬ್ಬರು ಅದು ಅಂದರು. ಸವೆದ ವೀರಗಲ್ಲುಗಳು ನೋಡಲು ಒಂದೇ ತರಹ, ಮೇಲಾಗಿ ದಿನಾ ಕಣ್ಣೆದುರು ಇದ್ದ ಕಲ್ಲನ್ನು ಯಾರೂ ಅಷ್ಟು ನೋಡಿರುವುದಿಲ್ಲ. ತುರು ಕಾಯಲು ಹೋಗಿ ಸತ್ತವನ ಹೆಸರಿನ ಎರಡಕ್ಷರ ಒಂದು ಕಲ್ಲಿನಲ್ಲಿ ಓದಲು ಬರುತ್ತದೆ. ಆತ ಯಾವ ಊರಿಗಾಗಿ ಸತ್ತ ಎಂದು ಹೇಳಲು ನನಗೆ ಆಗಲಿಲ್ಲ. ಮನಸ್ಸಿಗೆ ಬಂದ ಒಂದನ್ನು ಹೇಳಿಬಿಡಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಮುಂದೆ ಯಾರಾದರೂ ಅದನ್ನೇ ಆಧಾರವಾಗಿ ಬರೆಯುತ್ತಿದ್ದರು.

ಕೋಷ್ಟಕದಲ್ಲಿ ಆ ಎರಡು ಕಲ್ಲುಗಳ ಮುಂದೆ ಊರಿನ ಕಾಲಂನಲ್ಲಿ 'ಖಚಿತವಿಲ್ಲ' ಎಂದು ಬರೆದಿದ್ದೇನೆ. ಮಾಸ್ತರರು ಎರಡೂ ಫೋಟೋಗಳನ್ನು ಕಟ್ಟು ಹಾಕಿಸಿ ಸಾಲಿಯ ಗೋಡೆಗೆ ತೂಗುಹಾಕಿಸಿದ್ದಾರೆ. ಕೆಳಗೆ ಮಕ್ಕಳ ಕೈಬರಹದಲ್ಲಿ ಹೀಗಿದೆ: 'ಇವೆರಡರಲ್ಲಿ ಒಂದು ನಮ್ಮೂರಿನದು.'

ನಿಮ್ಮ ಹೋದ ಪ್ರವಾಸದ ಫೋಲ್ಡರನ್ನು ಇವತ್ತು ರಾತ್ರಿಯೇ ತೆರೆಯಿರಿ. ಊರುಗಳ ಹೆಸರು ಇನ್ನೂ ನೆನಪಿರುವಾಗಲೇ ಬರೆದಿಟ್ಟುಬಿಡಿ.